ಬಟ್ಟೆ ಬೆಳೆಯದ ಮಗ್ಗ

ನಮ್ಮ ಯಜಮಾನರು ಪಾಸ್‌ಪೋರ್ಟ್ ಮಾಡಿಸೋಣ ಎಂದ ದಿನವೇ ನನಗೆ ಅನುಮಾನ ಹತ್ತಿತು. ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಮದುವೆಗೆ ಕರೆದರೂ "ಬಿಸಿಲು, ನೀನೇ ಹೋಗಿ ಬಾ" ಎನ್ನುವ ಮನುಷ್ಯ, ಒಂದು ಮಧ್ಯಾಹ್ನ ತಟ್ಟೆ ಮುಂದೆ ಕೂತು ವಿಯೆಟ್ನಾಂ ನೋಡಿ ಬರೋಣ ಎಂದರೆ ಯಾವ ಹೆಂಡತಿಗೆ ತುತ್ತು ಇಳಿದೀತು? ಅದರಲ್ಲೂ ಹೋಯಿ ಆನ್ ಎಂಬ ಒಂದು ಹಳೇ ಊರಂತೆ. ಹಿಂದೆ ಚೀನಾ, ಜಪಾನಿನ ವ್ಯಾಪಾರಿಗಳು ಹಡಗಿನಲ್ಲಿ ಬಂದು ರೇಷ್ಮೆ ಕೊಂಡುಕೊಂಡು ಹೋಗುತ್ತಿದ್ದರಂತೆ. ಅವರು ಕಟ್ಟಿಸಿದ ಮನೆಗಳು ಹಾಗೇ ಇವೆಯಂತೆ. ಹಳೇ ಮನೆ ನೋಡಲು ವಿಮಾನ ಯಾಕೆ ಹತ್ತಬೇಕು, ನಾವಿರುವುದೇ ಹಳೇ ಮನೆಯಲ್ಲಿ.

"ಯಾಕ್ರಿ, ಏನು ಸಮಾಚಾರ?" ಎಂದು ಕೇಳಿದೆ.

"ಏಮೀ ಲೇದು" ಎಂದರು, ಏನೂ ಇಲ್ಲ ಅಂತ.

ಅವರು ಗಡಿಯಾಚೆಯ ರಾಯದುರ್ಗದವರು, ನಮ್ಮ ಮನೆಗೆ ಮನೆಅಳಿಯನಾಗಿ ಬಂದವರು. ನನ್ನ ಜೊತೆ ಕನ್ನಡವನ್ನೇ ಆಡುತ್ತಾರೆ. ತೆಲುಗು ಹೊರಗೆ ಬರುವುದು ಎರಡೇ ಹೊತ್ತಿನಲ್ಲಿ. ಒಂದು ಲೆಕ್ಕ ಹಾಕುವಾಗ, ಇನ್ನೊಂದು ಏನನ್ನಾದರೂ ಮುಚ್ಚಿಡುವಾಗ. ಊಟದ ನಡುವೆ ಲೆಕ್ಕವೇನೂ ಇರಲಿಲ್ಲ.

ಮುಚ್ಚಿಡುವಂಥದ್ದು ಏನಿರಬಹುದೆಂದು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಅದಕ್ಕೆ ಒಂದು ತಿಂಗಳು ಮುಂಚೆ, ಇಸ್ತ್ರಿ ಷರ್ಟಿನವನೊಬ್ಬ ನಮ್ಮ ಮನೆಗೆ ಎರಡು ಸಲ ಬಂದು ಹೋಗಿದ್ದ. ಸೀರೆ ನೋಡಲು ಬಂದವನು ಎಂದು ಯಜಮಾನರು ಹೇಳಿದರು. ಸೀರೆ ಬಿಡಿಸಿ ಹಾಸಿದರೆ ಅವನು ಅದರ ಮೇಲೆ ಕಣ್ಣೇ ಇಡಲಿಲ್ಲ. ಪಡಸಾಲೆಯ ಕಂಬವನ್ನು ಬೆರಳಿನಿಂದ ತಟ್ಟಿದ, ಮಾಡಿನ ತೊಲೆ ನೋಡಿದ, ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಉದ್ದ ಅಗಲ ಅಳೆಯುವವನಂತೆ ನೋಡಿದ. ಪಕ್ಕದ ಸಿದ್ದಾಪುರದಲ್ಲಿರುವ ಅಶೋಕನ ಬಂಡೆ ಶಾಸನ ನೋಡಲು ಬರುವ ಜನ ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ನನ್ನನ್ನೇ ಕೇಳಿದ. ಊಟಕ್ಕೆ ಹೋಗ್ತಾರೆ ಎಂದೆ. ಜೋರಾಗಿ ನಕ್ಕ. ನಗುವಂಥ ಮಾತೇನೂ ಅದರಲ್ಲಿರಲಿಲ್ಲ.

ಆ ಮನೆ ನನ್ನಪ್ಪನದು, ಈಗ ನನ್ನ ಹೆಸರಿನಲ್ಲಿದೆ. ಒಳಗೆ ಒಂದು ಕುಣಿ ಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತಾ ಮೇಲೆ ಲಾಳಿ ಎಸೆಯಬೇಕು. ಅಪ್ಪ ನೇಯ್ದರು, ಅವರಾದ ಮೇಲೆ ನಮ್ಮ ಯಜಮಾನರು. ನಮ್ಮ ಬೀದಿಯ ಬೇರೆ ಮನೆಗಳಲ್ಲಿ ಹೆಂಗಸರೂ ನೇಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಒಂದು ಕಟ್ಟು ಹಾಕಿದ್ದರು: ಹೆಂಗಸರು ಲಾಳಿಯ ಕಂಡಿಕೆಗೆ ನೂಲು ಸುತ್ತಬಹುದು, ಕಡಿದ ಎಳೆ ಸೇರಿಸಬಹುದು, ಕುಣಿಗೆ ಇಳಿಯುವಂತಿಲ್ಲ. ಹೀಗಾಗಿ ಮಗ್ಗದ ಪಕ್ಕದಲ್ಲೇ ಹುಟ್ಟಿ, ಅದರ ಪಕ್ಕದಲ್ಲೇ ಕೂದಲು ನರೆತರೂ ನಾನು ಒಂದು ಸಲವೂ ಲಾಳಿ ಎಸೆದವಳಲ್ಲ. ಈಚೆಗೆ ಯಜಮಾನರ ಮೊಣಕಾಲು ಸೋತಿತ್ತು. ಕುಣಿಯಿಂದ ಮೇಲೇಳುವಾಗ ಮಗ್ಗದ ಮರ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ನೋಡುತ್ತಿದ್ದೆ, ಅವರು ಹೇಳುತ್ತಿರಲಿಲ್ಲ.

ಆದ್ದರಿಂದ ವಿಯೆಟ್ನಾಂ ಎಂದೊಡನೆ ನನ್ನ ಮನಸ್ಸು ನೇರ ಮನೆಗೇ ಹೋಯಿತು. ಇವರು ಮನೆಗೆ ಏನೋ ಮಾಡಲು ಹೊರಟಿದ್ದಾರೆ. ಟಿಕೆಟ್ಟಿಗೆ ಹಣ ಎಲ್ಲಿಂದ ಎಂದರೆ ಚೀಟಿ ಎತ್ತಿದೆ ಎಂದರು. ಬೀದಿಯ ಚೀಟಿಗಳೆಲ್ಲ ನಡೆಯುವುದು ನಮ್ಮ ಜಗಲಿಯ ಮೇಲೆ. ಯಾವ ಚೀಟಿ ಯಾರಿಗೆ ಎಂದು ನನಗೆ ಗೊತ್ತಿರಲಿಲ್ಲವೇ? ಆದರೂ ಬಾಯಿ ಮುಚ್ಚಿಕೊಂಡೆ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಬಂದು ಹೋದ ಮೇಲೆ ಬೀದಿಯವರಿಗೆ ನಮ್ಮ ಮೇಲೆ ಅನುಮಾನ ಶುರುವಾಯಿತು, ನನಗಂತೂ ಇವರ ಮೇಲೆ ಮೊದಲೇ ಇತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಹೋಗಿಯೇ ನೋಡೋಣ ಎಂದುಕೊಂಡು ಚಟ್ನಿಪುಡಿ ಕಟ್ಟಿಕೊಂಡು ಹೊರಟೆ.

ಪ್ರವಾಸದ ಗುಂಪಿಗೆ ಒಬ್ಬ ಮ್ಯಾನೇಜರ್ ಇದ್ದ, ದಾವಣಗೆರೆ ಕಡೆಯವನು. ಮೂವತ್ತರ ಆಸುಪಾಸು. ಗುಂಪಿನಲ್ಲಿ ಬೇಕಾದಷ್ಟು ಜನ ಇದ್ದರು, ಅವನಿಗೆ ಮಾತ್ರ ನಾನೇ ಬೇಕು. "ಅಮ್ಮಾ, ನೀರು ಕುಡಿದ್ರಾ? ಅಮ್ಮಾ, ಈ ಬಾಗಿಲ ಹತ್ರ ಸ್ವಲ್ಪ ನಿಂತ್ಕಳ್ರಿ, ಒಂದು ಫೋಟೋ." ಬೆಂಗಳೂರಿನಿಂದ ಬಂದಿದ್ದ ಚಂದದ ಹುಡುಗಿಯರನ್ನು ಬಿಟ್ಟು, ಇಳಕಲ್ ಸೀರೆ ಉಟ್ಟು ಕಾಲಿಗೆ ಬೂಟು ಹಾಕಿದ್ದ ನನ್ನ ಫೋಟೋ ತೆಗೆಯುವವನನ್ನು ಹೇಗೆ ನಂಬಲಿ? ನಾನು ಪ್ರತಿ ಫೋಟೋದಲ್ಲೂ ಮುಖ ಗಂಟು ಹಾಕಿಕೊಂಡೇ ನಿಂತೆ. ಅವನು ಅದಕ್ಕೂ ಸೂಪರ್ ಎಂದ.

ಊರು ಚಂದವಿತ್ತು, ಸುಳ್ಳು ಹೇಳಬಾರದು. ಅರಿಸಿನ ಬಣ್ಣದ ಗೋಡೆಗಳು, ಕರಿ ಮರದ ಬಾಗಿಲು, ಪಾಚಿ ಹಿಡಿದ ಹೆಂಚು. ಬೀದಿ ತುಂಬ ಬಟ್ಟೆಯ ಲಾಟೀನುಗಳನ್ನು ನೇತು ಹಾಕಿದ್ದರು. ನಾನು ಹತ್ತಿರ ಹೋಗಿ ಒಂದನ್ನು ಮುಟ್ಟಿ ನೋಡಿದೆ. ರೇಷ್ಮೆ ಎಂದಿದ್ದರು, ಕೈಗೆ ಪಾಲಿಯೆಸ್ಟರ್ ಸಿಕ್ಕಿತು. ಅಲ್ಲಿಂದ ಮುಂದೆ ನಾನು ಯಾವುದನ್ನೂ ಮುಟ್ಟದೆ ಒಪ್ಪಲಿಲ್ಲ. ಮೇಲೆ ಹೆಂಚಿನ ಮಾಡು ಇರುವ ಒಂದು ಸೇತುವೆ ಇದೆ, ಒಂದು ತುದಿಗೆ ನಾಯಿಯ ವಿಗ್ರಹ, ಇನ್ನೊಂದು ತುದಿಗೆ ಕೋತಿಯದು. ನೂರಾರು ವರ್ಷ ಹಳೆಯದು ಎಂದರು. ಬಣ್ಣ ನೋಡಿದರೆ ಹೋದ ವರ್ಷ ಬಳಿದ ಹಾಗಿತ್ತು. ಕೇಳಿದ್ದಕ್ಕೆ ಮ್ಯಾನೇಜರ್, ರಿಪೇರಿ ಆಗಿದೆ ಅಮ್ಮಾ ಎಂದ. ಹಾಗಾದರೆ ಯಾವುದು ಹಳೆಯದು ಎಂದೆ. ಜಾಗ ಹಳೇದು ಎಂದ.

ವ್ಯಾಪಾರಿಗಳ ಮನೆಗಳ ಬಾಗಿಲ ಮೇಲೆ ಎರಡು ದುಂಡನೆಯ ಮರದ ಕಣ್ಣುಗಳಿವೆ. ಒಳಗೆ ಬರುವವರನ್ನು ಮನೆಯೇ ನೋಡಲಿ ಎಂದು ಇಡುತ್ತಾರಂತೆ. ಆ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಅದೇ. ಒಂದು ಮನೆಯ ಗೋಡೆ ಮೇಲೆ ಅಡ್ಡ ಗೆರೆಗಳು, ಒಂದೊಂದರ ಪಕ್ಕ ಒಂದೊಂದು ಇಸವಿ. ಮಕ್ಕಳ ಎತ್ತರ ಗುರುತು ಹಾಕಿದ್ದಾರೆ ಎಂದುಕೊಂಡೆ. ಅಲ್ಲವಂತೆ, ನದಿ ಉಕ್ಕಿ ಮನೆಯೊಳಗೆ ನಿಂತ ನೀರಿನ ಎತ್ತರವಂತೆ. ಒಂದು ಗೆರೆ ನನ್ನ ತಲೆಗಿಂತ ಮೇಲಿತ್ತು. ನೀರು ಬಂದಾಗ ಸಾಮಾನನ್ನೆಲ್ಲ ಅಟ್ಟಕ್ಕೆ ಎಳೆದುಕೊಳ್ಳಲು ಚಾವಣಿಯಲ್ಲಿ ಚೌಕನೆಯ ಕಿಂಡಿ ಬೇರೆ. ಸೀಮೆಗೆ ಒಂದು ಹನಿ ಬಿದ್ದರೆ ಜಗಲಿಗೆ ಬಂದು ನಿಂತು ನೋಡುವ ಜನ ನಾವು. ಮನೆಯೊಳಗೆ ಆಳುದ್ದ ನೀರು ಎಂದರೆ ನಂಬುವುದೆಂತು? ಪ್ರವಾಸಿಗರಿಗಾಗಿ ಬರೆದದ್ದು ಎಂದೆ. "ಇರಬೋದು" ಎಂದರು ಯಜಮಾನರು, ಗೆರೆಯ ಕಡೆ ತಿರುಗದೆ.

ಅವರು ಯಾವುದರ ಕಡೆಗೂ ತಿರುಗುತ್ತಿರಲಿಲ್ಲ, ಅದೇ ನನ್ನ ದೊಡ್ಡ ಅನುಮಾನ. ಎಲ್ಲರೂ ಕೆತ್ತನೆ ನೋಡುವಾಗ ಇವರು ಅಡ್ಡ ಕಟ್ಟಿದ ಹಗ್ಗ ನೋಡುತ್ತಿದ್ದರು. ಎಲ್ಲರೂ ಚೀನೀ ವ್ಯಾಪಾರಿಗಳ ಸಂಘದ ಮಂದಿರದಲ್ಲಿ ಸುರುಳಿ ಸುರುಳಿಯಾಗಿ ತೂಗುವ ಊದುಬತ್ತಿಯ ಕೆಳಗೆ ಕತ್ತೆತ್ತಿ ನಿಂತರೆ, ಇವರು ಬಾಗಿಲಲ್ಲಿ ಟಿಕೆಟ್ ಹರಿಯುವವಳನ್ನು ನೋಡುತ್ತಿದ್ದರು. ಜನ ವಾಸವಿರುವ ಮನೆಗೆ ಹೋದಾಗಲಂತೂ ಪ್ರಶ್ನೆ ಮೇಲೆ ಪ್ರಶ್ನೆ. ಇವರು ಅಡುಗೆ ಎಲ್ಲಿ ಮಾಡ್ಕಂತಾರೆ? ಮಲಗೋದು ಎಲ್ಲಿ? ಎಷ್ಟೊತ್ತಿಗೆ ಬಾಗಿಲು ಹಾಕ್ತಾರೆ? ಮ್ಯಾನೇಜರ್ ಒಂದೊಂದಕ್ಕೂ ಪರೀಕ್ಷೆಗೆ ಓದಿಕೊಂಡು ಬಂದವನಂತೆ ಉತ್ತರ ಕೊಡುತ್ತಿದ್ದ. ನನ್ನ ಕಡೆ ನೋಡಿ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಮಗ್ಗ ಸಿಕ್ಕಿದ್ದು ಎರಡನೇ ದಿನ. ಒಂದು ಹಳೇ ವ್ಯಾಪಾರಿ ಮನೆಯ ಮುಂಭಾಗ ರೇಷ್ಮೆ ಅಂಗಡಿ, ಅದರೊಳಗೆ ಹಗ್ಗದಾಚೆ ಒಂದು ಮರದ ಮಗ್ಗ, ಅದರಲ್ಲಿ ಉದ್ದ ಅಂಗಿ ತೊಟ್ಟ ಒಬ್ಬ ಹುಡುಗಿ. ಬೆಳಿಗ್ಗೆ ಹೋದಾಗ ಅವಳು ಲಟಕ್ ಲಟಕ್ ಎಂದು ನೇಯುತ್ತಿದ್ದಳು. ಬಟ್ಟೆಯ ಮೇಲೆ ಒಂದು ಹೂವಿನ ಅರ್ಧ ಮೂಡಿತ್ತು. ಸಂಜೆ ಯಜಮಾನರು ಮತ್ತೆ ಅದೇ ಮನೆಗೆ ಕರೆದುಕೊಂಡು ಹೋದರು. ಹುಡುಗಿ ಲಟಕ್ ಲಟಕ್ ಎನ್ನುತ್ತಲೇ ಇದ್ದಳು. ಹೂವು ಅರ್ಧವೇ ಇತ್ತು. ನೋಡುವವರು ಬಂದರೆ ತುಳಿಯುತ್ತಾಳೆ, ಹೋದರೆ ಫೋನ್ ನೋಡುತ್ತಾಳೆ. ಪಕ್ಕದ ಕಪಾಟಿನ ರಾಶಿ ರಾಶಿ ಶಾಲು ಈ ಮಗ್ಗದ್ದಲ್ಲ ಎಂದು ನಮ್ಮ ಬೀದಿಯ ಕುರುಡನೂ ಹೇಳುತ್ತಿದ್ದ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಚುಚ್ಚಿದ್ದು ಎಡಗಡೆ ಅಂಚಿನ ಹತ್ತಿರ ಕಡಿದು ನೇತಾಡುತ್ತಿದ್ದ ಒಂದು ಎಳೆ. ಬೆಳಿಗ್ಗೆಯೂ ಅದು ಹಾಗೇ ಇತ್ತು.

ನಮ್ಮ ಮನೆಯಲ್ಲಿ ಕಡಿದ ಎಳೆಯನ್ನು ಕಂಡೂ ಬಿಟ್ಟು ಏಳುವಂತಿಲ್ಲ. ಅವ್ವ ಜ್ವರದಲ್ಲೂ ಎದ್ದು ಬಂದು ಸೇರಿಸಿ ಮಲಗುತ್ತಿದ್ದಳು. ಇದು ಬೇರೆಯವರ ಮಗ್ಗ, ಇದು ವಿಯೆಟ್ನಾಂ ಎಂಬುದು ನನಗೆ ಮರೆತೇ ಹೋಯಿತು. ಹಗ್ಗ ಎತ್ತಿ ಒಳಗೆ ನುಗ್ಗಿದೆ. ಚಪ್ಪಲಿ ಬಿಡುವ ಅಭ್ಯಾಸದಲ್ಲಿ ಬೂಟು ಬಿಚ್ಚಿದೆ, ಮಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಪರ್ಸಿನಲ್ಲಿ ನಾಯಕನಹಟ್ಟಿಯ ವಿಭೂತಿ ಪೊಟ್ಟಣ ಇತ್ತು. ಬೆರಳಿಗೆ ಅಷ್ಟು ಬೂದಿ ಇದ್ದರೆ ರೇಷ್ಮೆ ಜಾರುವುದಿಲ್ಲ. ಎರಡು ತುದಿ ಹಿಡಿದು ಹೊಸೆದೆ, ಎಳೆ ಕೂತಿತು. ಹುಡುಗಿ ಮೊದಲು ಹೆದರಿದ್ದಳು, ಆಮೇಲೆ ನಕ್ಕು ಎದ್ದು ತನ್ನ ಮಣೆ ತೋರಿಸಿ ಕೂರು ಎಂದು ಸನ್ನೆ ಮಾಡಿದಳು. ಇದು ಮಣೆ, ಕುಣಿಯಲ್ಲ, ಅಪ್ಪನ ಮಾತು ಮೀರಿದ ಹಾಗಾಗಲಿಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡು ಕೂತೆ. ತುಳಿದೆ. ಲಾಳಿ ಎಸೆದೆ. ಮೊದಲು ಅಡ್ಡಾದಿಡ್ಡಿ ಹೋಯಿತು, ಆಮೇಲೆ ಸರಿಯಾಗಿ ಹೋಯಿತು. ಎಳೆ ಬಿಗಿಯುವ ಹಣಿಗೆಯನ್ನು ಎಳೆದು ಹೊಡೆದಾಗ ನನ್ನ ತೋಳು ಇದನ್ನು ಬಹಳ ಕಾಲದಿಂದ ಬಲ್ಲದು ಅನ್ನಿಸಿತು. ಎಷ್ಟು ಖುಷಿಯಾಯಿತೆಂದರೆ ಅಳು ಬಂತು.

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ತಿರುಗಿದರೆ ಹಗ್ಗದ ಉದ್ದಕ್ಕೂ ಜನ, ಕೈಯಲ್ಲಿ ಫೋನು. ಮ್ಯಾನೇಜರ್ ಎಲ್ಲರಿಗಿಂತ ಮುಂದೆ ನಿಂತು ವಿಡಿಯೋ ಮಾಡುತ್ತಿದ್ದ. ಅವನ ಪಕ್ಕದಲ್ಲಿ ನಮ್ಮ ಯಜಮಾನರು. ಅವರು ಮ್ಯಾನೇಜರ್ ಕಡೆ ನೋಡಿ ತಲೆಯಾಡಿಸಿದರು, ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹಲ್ಲು ತೋರಿಸಿದವನು ಕೊಳ್ಳುವವನ ಕಡೆ ತಲೆಯಾಡಿಸುತ್ತಾನಲ್ಲ, ಹಾಗೆ. ಬೂಟು ಕೈಯಲ್ಲೇ ಹಿಡಿದು ಹೊರಗೆ ಬಂದೆ.

ಮರುದಿನ ಇನ್ನೊಂದು ಮನೆಗೆ ಹೋದೆವು. ತಲೆಮಾರುಗಳಿಂದ ಒಂದೇ ಕುಟುಂಬ ಇದ್ದ ಮನೆ. ಮುಂದೆ ದೇವರ ಪೀಠ, ಕಪ್ಪೆಚಿಪ್ಪು ಕೂರಿಸಿದ ಕಂಬಗಳು, ನಡುವೆ ಅಂಗಳ, ಹಿಂದೆ ಬಾವಿ. ಬಾವಿಯ ಹತ್ತಿರ ಮನೆಯ ಹಿರಿಯ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಜನ ಬಗ್ಗಿ ಅವಳ ಫೋಟೋ ತೆಗೆಯುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ. ಸೊಪ್ಪು ಬಿಡಿಸುವುದು ಮುಗಿದಿದ್ದರೂ ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದಾಳೇನೋ ಎಂದು ನನಗೆ ಗುಮಾನಿ. ಹೋಗಿ ಬುಟ್ಟಿ ಇಣುಕಿ ನೋಡಿದೆ. ಇಲ್ಲ, ನಿಜವಾದ ಸೊಪ್ಪು, ನಿಜವಾದ ಕಸ. ಸಮಾಧಾನವಾಗಿ ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಡ್ಡಿ ಬಿಡಿಸಿದೆ.

"ಒಂದು ಮಾತು ಕೇಳಪ್ಪ ಇವರನ್ನ," ಎಂದೆ ಮ್ಯಾನೇಜರ್‌ಗೆ. "ಈ ಮನೆಯಾಗೆ ಜಗಳ ಎಲ್ಲಿ ಆಡ್ತಾರೆ?"

ಅವನು ಯಜಮಾನರ ಮುಖ ನೋಡಿದ. "ಅಂಥದ್ದೆಲ್ಲ ಕೇಳಬಾರ್ದಮ್ಮ."

"ಕೇಳು."

ಅವನು ಇಂಗ್ಲಿಷಿನಲ್ಲಿ ಆ ಮನೆಯ ಬಾಗಿಲಲ್ಲಿ ಟಿಕೆಟ್ ಹರಿಯುವವಳಿಗೆ ಹೇಳಿದ, ಅವಳು ತಮ್ಮ ಭಾಷೆಯಲ್ಲಿ ಅಜ್ಜಿಗೆ ಕೇಳಿದಳು. ಅಜ್ಜಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಹಲ್ಲಿಲ್ಲದ ಬಾಯಿ ತೆರೆದು ಗಹಗಹಿಸಿ ನಕ್ಕಳು. ಹೇಳುತ್ತಾ ಹೇಳುತ್ತಾ ಅವಳ ನಗು ನಿಂತಿತು. ಉತ್ತರ ಬಂದ ದಾರಿಯಲ್ಲೇ ವಾಪಸು ಬಂತು. ಅವಳೂ ಗಂಡನೂ ಜಗಳ ಬಂದರೆ ಸ್ಕೂಟರ್ ಹತ್ತಿ ಊರಾಚೆಯ ಭತ್ತದ ಗದ್ದೆಗೆ ಹೋಗುತ್ತಿದ್ದರಂತೆ. ಅಲ್ಲಿ ಬಾಯಿಗೆ ಬಂದಂತೆ ಬೈದಾಡಿಕೊಂಡು, ಪ್ರವಾಸಿಗರಿಗೆ ಬಾಗಿಲು ತೆರೆಯುವ ಹೊತ್ತಿಗೆ ವಾಪಸು. ಗಂಡ ಸತ್ತ ಮೇಲೆ ಗದ್ದೆಗೆ ಹೋಗಿಲ್ಲವಂತೆ. ಅತ್ತದ್ದು ಎಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಹೊರಗೆ ನದಿಯ ದಂಡೆಗೆ ಬಂದು ಕಟ್ಟೆಯ ಮೇಲೆ ಕೂತೆ. ಯಜಮಾನರು ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಮ್ಯಾನೇಜರ್ ಎಳನೀರು ತರಲು ಹೋಗಿದ್ದ.

"ಟಿಕೆಟ್ ಯಾರು ಕೊಟ್ಟಿದ್ದು?"

"ಏಮೀ..."

"ತೆಲುಗು ಬ್ಯಾಡ. ಕನ್ನಡದಾಗೆ ಹೇಳ್ರಿ."

"ಅವ್ರೇ ಕೊಟ್ರು. ಮನೆಗೆ ಬಂದಿದ್ನಲ್ಲ, ಆ ಪ್ರವಾಸದ ಕಂಪನಿಯೋನು. ಮೊದ್ಲು ನೋಡ್ಕಂಡು ಬರ್ರಿ, ನೋಡಿದ್ರೆ ಅಮ್ಮೋರು ತಾವೇ ಒಪ್ತಾರೆ ಅಂದ. ನಾನು ಹೂಂ ಅಂದೀನಿ. ನಿನ್ನ ಸಹಿ ಒಂದು ಬೇಕು."

ಅನುಮಾನ ನಿಜವಾದರೆ ಗೆದ್ದ ಹಾಗಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

"ಮನೆ ಮಾರೋದಲ್ಲ ಕಣೇ," ಎಂದರು ಅವಸರದಲ್ಲಿ. "ಪಡಸಾಲೆ, ಮಗ್ಗದ ಕೋಣೆ ಜನ ನೋಡಾಕೆ. ನಾವು ಹಿಂದೆ ಇರಾದು. ಮಗ್ಗ ಸದ್ದು ಮಾಡ್ತಿರಬೇಕು, ಅಷ್ಟೇಯ."

"ಸದ್ದು ಯಾರು ಮಾಡ್ತಾರೆ? ನಿಮ್ಮ ಕಾಲಾ?"

ಅವರು ಮೊಣಕಾಲಿನಿಂದ ಕೈ ತೆಗೆದರು. "ನನ್ನ ಕೈಲಿ ಇನ್ನ ಆಗಲ್ಲ. ಕುಣಿಗೆ ಇಳಿದ್ರೆ ಮೇಲೆ ಬರ್ತೀನೋ ಇಲ್ವೋ ಅಂತ ದಿಗಿಲಾಗ್ತೈತೆ. ನೀನು ಕುಂತ್ಕ. ನಿನ್ನೆ ಕುಂತಿದ್ದೆಯಲ್ಲ, ಎಷ್ಟು ಚಂದ ಕಂಡೆ. ಮ್ಯಾನೇಜರ್ ವಿಡಿಯೋ ಆವಾಗ್ಲೇ ಕಳಿಸ್ಯಾನೆ, ಕಂಪನಿಯೋರೂ ಭೇಷ್ ಅಂದ್ರಂತೆ. ನೀನು ಕುಂತ್ರೆ ಸಾಕು. ಬಟ್ಟೆ ಬೆಳೀಬೇಕು ಅಂತೇನಿಲ್ಲ."

ಕಾಲಿನ ಮಾತು ಕೇಳಿ ಕರಗಿದ್ದ ಮನಸ್ಸು ಆ ಕೊನೆಯ ಮಾತಿಗೆ ಉರಿದು ಹೋಯಿತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ದೋಣಿಯಲ್ಲಿದ್ದವರು ತಿರುಗಿ ನೋಡಿದರು.

"ಅಪ್ಪ ಸತ್ತು ಎಷ್ಟು ಕಾಲ ಆತು? ಕಟ್ಟು ಹಾಕಿದೋರು ಹೋದ್ರು, ನೀವಿದ್ರಲ್ಲ. ಒಂದಿನಾನಾದ್ರೂ ಇಳಿಯೇ, ನೇಯಿ ನೋಡಾನ ಅಂದ್ರಾ? ನೇಯಾಕೆ ಇಳೀಬ್ಯಾಡ, ನೋಡೋರಿಗೋಸ್ಕರ ಇಳಿ ಅಂತೀರಾ? ಬಟ್ಟೆ ಬೆಳೀದಿದ್ರೂ ನಡೀತೈತಾ? ನಾನೇನು ಬೆದರುಬೊಂಬೆನಾ?"

ಅವರು ಮತ್ತೆ ಮೊಣಕಾಲು ಹಿಡಿದುಕೊಂಡರು. ಮ್ಯಾನೇಜರ್ ಮೂರು ಎಳನೀರು ಹಿಡಿದು ಬಂದವನು ನಮ್ಮಿಬ್ಬರ ಮುಖ ನೋಡಿ ಅಲ್ಲೇ ನಿಂತ. ನಾನು ನನ್ನದನ್ನು ಇಸಿದುಕೊಂಡು ಕುಡಿದೆ. ಬಾಯಾರಿತ್ತು.

ವಾಪಸು ಬರುವಾಗ ವಿಮಾನದಲ್ಲಿ ಅವರು ನನ್ನ ಸೀಟಿನ ಬೆಲ್ಟು ಹಾಕಿದರು. ಚಳ್ಳಕೆರೆಯಲ್ಲಿ ಬಸ್ಸು ಬದಲಿಸುವಾಗ ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಬಂತು, ಊರು ಬಂತಲ್ಲ ಎಂದು ಅವರೇ ಅಂದರು, ನಾನು ಹೂಂ ಎನ್ನಲಿಲ್ಲ. ಇನ್ನೊಂದು ಏನೋ ಇಟ್ಟುಕೊಂಡಿದ್ದಾರೆ ಎಂದೇ ನನಗೆ ಅನುಮಾನ. ಮನೆ ಬಾಗಿಲು ತೆಗೆದಾಗ ಇಸ್ತ್ರಿ ಷರ್ಟಿನವನು ಒಳಗೆ ಕೂತಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮಗ್ಗಕ್ಕೆ ದೀಪ ಹಚ್ಚಿದೆ. ಅಪ್ಪನ ಫೋಟೋ ಗೋಡೆಯ ಮೇಲಿತ್ತು, ಅದಕ್ಕೂ ಕೈ ಮುಗಿದೆ. ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕುಣಿಗೆ ಕಾಲು ಇಳಿಬಿಟ್ಟೆ. ಒಳಗೆ ಮಣ್ಣು ತಂಪಾಗಿತ್ತು. ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಅವರ ಕೈ ನೋಡಿದೆ, ಫೋನ್ ಇದೆಯೋ ಎಂದು. ಬರಿಗೈ. ಅವರು ಹೋಗಿ ಬೀದಿ ಬಾಗಿಲು ಹಾಕಿ ಅಗುಳಿ ಹಾಕಿದರು. ಅದನ್ನೂ ನಾನು ನಂಬಲಿಲ್ಲ.

ನಾಲ್ಕನೇ ದಿನವೋ ಐದನೇ ದಿನವೋ ಬಾಗಿಲು ತಟ್ಟಿದ ಸದ್ದಾಯಿತು. ನಾನು ತುಳಿಯುತ್ತಲೇ ಕಿವಿಗೊಟ್ಟೆ. ಇಸ್ತ್ರಿ ಷರ್ಟಿನವನ ದನಿ. "ಅಮ್ಮೋರು ಶುರು ಮಾಡಿಬಿಟ್ಟಾರಲ್ಲ, ಸದ್ದು ಬೀದಿಗೇ ಕೇಳ್ತೈತೆ. ಒಂದು ಫೋಟೋ ತಗಂಡು ಹೋಗ್ತೀನಿ" ಎನ್ನುತ್ತಿದ್ದ. ಯಜಮಾನರು ಏನು ಹೇಳಿದರೋ ಲಾಳಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಬೇಕೆಂದೇ ನಾನು ತುಳಿಯುವುದನ್ನು ನಿಲ್ಲಿಸಲಿಲ್ಲ, ಕೇಳಿಸಿಕೊಂಡರೆ ಅದರಲ್ಲೂ ಏನಾದರೂ ಹುಡುಕುತ್ತಿದ್ದೆ. ಬಾಗಿಲು ಮತ್ತೆ ಹಾಕಿದ ಸದ್ದು ಬಂತು.

ಅವರು ಕುಂಟುತ್ತಾ ಒಳಗೆ ಬಂದು ಮಗ್ಗದ ಪಕ್ಕದಲ್ಲಿ ನೆಲಕ್ಕೆ ಕೂತರು. ಕನ್ನಡಕ ಹಾಕಿಕೊಂಡು, ನಾನು ನೇಯ್ದ ಗೇಣುದ್ದ ಬಟ್ಟೆಯ ಮೇಲೆ ಬಗ್ಗಿ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಹೊಗಳುತ್ತಾರೆ, ಹೊಗಳಿದರೆ ಸಹಿ ಕೇಳುತ್ತಾರೆ ಎಂದು ನಾನು ಹಲ್ಲು ಕಚ್ಚಿ ಕಾದೆ.

"ಅಂಚು ಒಳಕ್ಕೆ ಎಳದೈತೆ," ಎಂದರು. "ಲಾಳಿ ಬಿಡುವಾಗ ಎಡಗೈ ಬಿಗಿ ಹಿಡೀತಿ. ಇದು ಮಾರಾಕೆ ಬರಲ್ಲ. ಬಿಚ್ಚು."

ನಮ್ಮಪ್ಪ ಅವರಿಗೆ ಕಲಿಸುವಾಗ ಹೀಗೇ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನಾನು ಅವರ ಮುಖವನ್ನು ಬಹಳ ಹೊತ್ತು ನೋಡಿದೆ, ಹುಡುಕಲು ಏನೂ ಸಿಗಲಿಲ್ಲ. ಅಂಚು ನಿಜವಾಗಿಯೂ ಎಳೆದಿತ್ತು. ಕಣ್ಣೊರೆಸಿಕೊಂಡು ಬಿಚ್ಚಲು ಶುರು ಮಾಡಿದೆ.